ಎರಡನೆಯ ಪುಟದ ಏಳು ವರ್ಷ

ಅಪರಿಚಿತ ಹೆಂಗಸೊಬ್ಬಳು ಬಕೆಟ್ಟಿನಿಂದ ಒಂದೊಂದೇ ಬಟ್ಟೆ ತೆಗೆದು, ಹಿಂಡಿ, ತಂತಿಯ ಮೇಲೆ ಒಣಹಾಕುತ್ತಿದ್ದಳು. ಗೇಟಿನ ಹೊರಗೆ ನಿಂತ ಅನುಜಾ ನೋಡುತ್ತಿದ್ದಳು.

ಹಿಂದವಾಡಿಯ ಆ ಎರಡು ಕೋಣೆಯ ಮನೆ ಅವಳದು... ಅವಳದು ಮತ್ತು ಅವಳ ಗಂಡ ಸುಯೋಗನದು.

"ಯಾರು ಬೇಕಾಗಿತ್ತರಿ ಅಕ್ಕಾರ?"

ತನ್ನ ಮನೆಯ ಬಾಗಿಲಲ್ಲಿ ತನಗೇ ಈ ಪ್ರಶ್ನೆ!

ಸುಯೋಗ ಅವಳನ್ನು ಖಾನಾಪುರದ ತವರಿಗೆ ಬಿಟ್ಟು ಎರಡು ತಿಂಗಳಾಗಿತ್ತು. 'ದೀಪಾವಳಿ ತನಕ ಅವ್ವನ ಹತ್ರ ಇರು' ಎಂದಿದ್ದ. ದೀಪಾವಳಿ ಮುಗಿದು ಹದಿನೈದು ದಿನವಾದರೂ ಕರೆಯಲು ಬಂದಿರಲಿಲ್ಲ. ಫೋನಿನಲ್ಲಿ ಎರಡೇ ಮಾತು.

ಇವಳಿಗಾಗಿಯೇ ನನ್ನನ್ನು ಕಳಿಸಿದರೇ?... ಅನುಜಾ ಗೇಟಿನ ಸರಳು ಹಿಡಿದುಕೊಂಡಳು.

"ಮಾಲಕರು... ಅದಾರೇನ್ರಿ?"

"ಅವರು ಇಲ್ಲಿರೂದಿಲ್ಲರಿ. ನಾವು ಗಂಡ ಹೆಂಡತಿ ಬಾಡಿಗಿಗೆ ಇದ್ದೀವಿ. ಅವರು ಊರ ಆ ಕಡಿ ಶಹಾಪುರದಾಗ, ಮಗ್ಗದ ಕಾರಖಾನಿ ಮ್ಯಾಲಿನ ಖೋಲ್ಯಾಗ ಇರ್ತಾರ. ಒಬ್ರ. ಪಾಪ, ಲಗ್ನ ಆಗಿಲ್ಲ ಅನಸ್ತದ."

ಒಂದು ಭಯ ಹೋಯಿತು. ಅದಕ್ಕಿಂತ ದೊಡ್ಡದು ಬಂತು. ನನಗೊಂದು ಮಾತೂ ಹೇಳದೆ ಮನೆ ಬಿಟ್ಟರೆಂದರೆ... ನನ್ನನ್ನೂ ಬಿಟ್ಟ ಹಾಗೆಯೇ?

ಶಹಾಪುರದ ಆ ಮೆಟ್ಟಿಲು ಹತ್ತುವಾಗ ಮಗ್ಗಗಳ ಸದ್ದಿಗೆ ಗೋಡೆಯೇ ಅದುರುತ್ತಿತ್ತು. ಮಗ್ಗ ರಿಪೇರಿ ಮುಗಿಸಿ ಬಂದಿದ್ದ ಸುಯೋಗ ಎಣ್ಣೆಗೈ ಒರೆಸಿಕೊಳ್ಳುತ್ತಿದ್ದ. ಅವಳನ್ನು ಕಂಡು ಹಾಗೇ ನಿಂತ.

"ಒಬ್ಬಾಕೀನ ಬಂದ್ಯಾ?"

"ನಿಮ್ಮ ಲಗ್ನನ ಆಗಿಲ್ಲಂತಲ್ರಿ. ಮತ್ತ ಕರಕೊಂಡ ಬರೋರ್ಯಾರು?"

ಸುಯೋಗ ತಲೆ ತಗ್ಗಿಸಿದ. ಗೋಡೆಯ ಗೂಡಿನಿಂದ ಒಂದು ಕಾಗದ ತೆಗೆದ.

"ಮನಿ ಸಾಲದ ಬಡ್ಡಿ ಏಳರಿಂದ ಎಂಟೂವರಿಗೆ ಏರೇತಿ ಅಂತ ಬ್ಯಾಂಕಿನ ಪತ್ರ ಬಂದಿತ್ತಲ್ಲ..."

"ಹೌದ್ರಿ. ಕಂತು ಏರಿಲ್ಲಂತ ಖುಷೀಲೆ ನೀವ ಕುಂದಾ ತಂದು ಬಾಯಿ ಸಿಹಿ ಮಾಡಿದ್ರಿ."

"ಕಂತು ಏರಿಲ್ಲ, ಖರೇ. ಪತ್ರದ ಎರಡನೇ ಪುಟ ನಾ ತಿರುವಿ ನೋಡಿರಲಿಲ್ಲ ಅನುಜಾ. ಹತ್ತೊಂಬತ್ತು ವರ್ಷ ಉಳಿದಿತ್ತು. ಇಪ್ಪತ್ತಾರು ಮಾಡ್ಯಾರ."

ಅನುಜಾ ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಈ ಲೆಕ್ಕಕ್ಕೆ ಅಷ್ಟು ಸಾಕಿತ್ತು. ಗಂಡನಿಗೀಗ ಮೂವತ್ತನಾಲ್ಕು.

"ನಿಮಗ ಅರವತ್ತು ಆಗೂತನಕ," ಅಂದಳು ಮೆಲ್ಲಗೆ.

"ಅಲ್ಲಿತನಕ ಈ ಕೈ ನಡೀಬೇಕಲ್ಲ? ಕಂತು ಹೆಚ್ಚಿಗಿ ಕಟ್ಟಿದ್ರ ಮೊದಲಿನ ಹಂಗ ಮುಗೀತೈತಿ ಅಂದ್ರು. ಅದಕ್ಕ ಮನಿ ಬಾಡಿಗಿಗೆ ಕೊಟ್ಟೆ. ಸ್ವಂತ ಮನ್ಯಾಗ ಇಡ್ತೀನಿ ಅಂತ ನಿಮ್ಮಪ್ಪಗ ಮಾತು ಕೊಟ್ಟಂವ... ಯಾವ ಮುಖ ತಗೊಂಡು ನಿನಗ ಹೇಳಲಿ?"

"ತಂತಿ ಮ್ಯಾಲ ಯಾರದೋ ಸೀರಿ ನೋಡಿ... ನಾ ಏನ ತಿಳಕೊಂಡೆ ಗೊತ್ತೇನ್ರಿ?" ಅವಳ ದನಿ ಒಡೆಯಿತು.

"ಹುಚ್ಚಿ... ನಿನ್ನ ಬಿಟ್ರ ನನಗ ಯಾರದಾರ?"

ಮದುವೆಯಾಗಿ ಮೂರು ವರ್ಷಕ್ಕೆ ಅವನು ಇದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಅನುಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಷ್ಟು ದಿನಾ ಹಿಂಗ?"

"ಬಡ್ಡಿ ಇಳಿಯೂತನಕ. ಯಾವಾಗ ಇಳೀತೈತೋ ಬ್ಯಾಂಕಿನವರಿಗೂ ಗೊತ್ತಿಲ್ಲ. ಇನ್ನೂ ಏರಿದರೂ ಏರಬಹುದು."

ಅವಳು ಕೋಣೆ ನೋಡಿದಳು. ಒಂದು ಚಾಪೆ, ಒಂದು ಸ್ಟೋವ್.

"ಇಲ್ಲಿ ಸಪ್ಪಳಕ್ಕ ನಿದ್ದಿ ಹತ್ತೂದಿಲ್ಲ," ಎಂದ ಸುಯೋಗ. "ನೀರು ಕೆಳಗಿಂದ ಹೊತ್ತು ತರಬೇಕು."

"ತರ್ತೀನಿ."

ಸುಯೋಗ ಅವಳ ಮುಖ ನೋಡಿದ. ಆಮೇಲೆ ಬಾಗಿಲಿನತ್ತ ನೋಡಿದ.

"ನನ್ನ ಇಲ್ಲೇ ಇರಗೊಡ್ರಿ," ಅಂದಳು ಅನುಜಾ.