ಸನೋಬರ್ ಬರೆಯದ ಮಾತು

೨೦೨೫ರ ನವೆಂಬರ್ ಹತ್ತು, ಸೋಮವಾರ ಬೆಳಗ್ಗೆ ಚಿತ್ರದುರ್ಗದ ಠಾಣೆಯೊಂದಕ್ಕೆ ಅಪ್ಪ ಮಗಳು ಬಂದರು. ಅಪ್ಪ ಮೌಲಾ ಸಾಬ್, ಹಿರಿಯೂರಿನಲ್ಲಿ ಗಾದಿ ಹೊಲಿಯುವವರು. ಶರ್ಟಿನ ತೋಳಿಗೆ ಹತ್ತಿ ಅಂಟಿಕೊಂಡಿತ್ತು. ಮಗಳು ಸನೋಬರ್, ಇಪ್ಪತ್ತಾರು ವರ್ಷ, ಮನೆಯಲ್ಲೇ ಕೂತು ಸಾಫ್ಟ್‌ವೇರ್ ಪರೀಕ್ಷೆ ಮಾಡುವವಳು. ದುಡ್ಡು ಹೋಯಿತೇನಮ್ಮ ಎಂದು ಇನ್ಸ್‌ಪೆಕ್ಟರ್ ಉಷಾರಾಣಿ ಕೇಳಿದರು. ಸೈಬರ್ ದೂರು ಎಂದರೆ ಮೊದಲ ಪ್ರಶ್ನೆ ಅದೇ. ಇಲ್ಲ ಎಂದಳು ಹುಡುಗಿ. ಹಾಗಾದರೆ ಫೋಟೊ ಗೀಟೊ? ಅದೂ ಅಲ್ಲವಂತೆ.

"ನಾನು ಬರೀದೇ ಇರೋದನ್ನ ನಾನೇ ಬರ್ದೆ ಅಂತ ಹಾಕ್ಯಾರೆ ಮೇಡಂ."

ಇಷ್ಟಕ್ಕೆಲ್ಲ ಠಾಣೆ ಹತ್ತುತ್ತಾರಾ ಎಂದು ಉಷಾರಾಣಿಗೆ ಅನ್ನಿಸಿದ್ದು ಸುಳ್ಳಲ್ಲ. ಆದರೂ ಕೂರಿಸಿ ಕೇಳಿದರು. ಹುಡುಗಿ ನಿಧಾನವಾಗಿ ಬಿಡಿಸಿ ಹೇಳಿದಳು. ಹವಳ ಎಂಬ ಡಿಜಿಟಲ್ ನಾಣ್ಯವಿದೆ. ಅದಕ್ಕೆ ಬ್ಯಾಂಕಿಲ್ಲ, ಯಜಮಾನನಿಲ್ಲ. ಯಾವ್ಯಾವುದೋ ದೇಶಗಳ ಜನ ತಮ್ಮ ತಮ್ಮ ಮನೆಯ ಕಂಪ್ಯೂಟರುಗಳಲ್ಲಿ ಒಂದೇ ತಂತ್ರಾಂಶ ಓಡಿಸುತ್ತ ಅದರ ಲೆಕ್ಕ ಕಾಯುತ್ತಾರೆ. ತಂತ್ರಾಂಶದ ನಿಯಮ ಬದಲಾಗಬೇಕಾದರೆ ಅವರಲ್ಲಿ ಬಹುಪಾಲು ಜನ ಒಪ್ಪಬೇಕು. ಒಪ್ಪುವ ಮುಂಚೆ ಆನ್‌ಲೈನ್ ವೇದಿಕೆಯಲ್ಲಿ ತಿಂಗಳುಗಟ್ಟಲೆ ವಾದ ನಡೆಯುತ್ತದೆ. ತಂತ್ರಾಂಶವನ್ನು ಪರಿಶೀಲಿಸಿ ಸಹಿ ಹಾಕುವ ಏಳು ಜನ ಪಾಲಕರಲ್ಲಿ ಸನೋಬರ್ ಒಬ್ಬಳು. ಸಂಬಳವಿಲ್ಲದ ಕೆಲಸ, ಮರ್ಯಾದೆಯೊಂದೇ ಕೂಲಿ.

ಬೇಸಿಗೆಯಲ್ಲಿ 'ವೇದಾವತಿ' ಎಂಬ ಅಡ್ಡಹೆಸರಿನವರು ಯಾರೋ ಒಂದು ತಿದ್ದುಪಡಿ ತಂದಿದ್ದರು. ಬಹಳ ಕಾಲ ಅಲುಗಾಡದ ನಾಣ್ಯಗಳ ಹಳೆಯ ದಾಖಲೆ ತೆಗೆದುಹಾಕಿದರೆ ಸಣ್ಣ ಕಂಪ್ಯೂಟರುಗಳ ಮೇಲಿನ ಭಾರ ಇಳಿಯುತ್ತದೆ ಎಂಬುದು ಅವರ ವಾದ. ಜನ ಮೆಚ್ಚಿದರು. ಸನೋಬರ್ ಪರೀಕ್ಷಿಸಿ ನೋಡಿ, ಇದರಲ್ಲಿ ತಪ್ಪಿದೆ, ಇಬ್ಬರ ಜಂಟಿ ಹೆಸರಿನ ನಾಣ್ಯಗಳೂ ಅಳಿಸಿಹೋಗುತ್ತವೆ ಎಂದು ಬರೆದಳು. ಜಗಳ ಹತ್ತಿತು. ಕಳೆದ ಶುಕ್ರವಾರ ಮಧ್ಯಾಹ್ನ ಅವಳದೇ ಸಹಿಯಲ್ಲಿ ಒಂದು ಬರಹ ಬಂತು: ನಾನು ಪರೀಕ್ಷೆಯನ್ನೇ ಮಾಡಿಲ್ಲ, ಸುಳ್ಳು ಫಲಿತಾಂಶ ಹಾಕಿದೆ, ವೇದಾವತಿಯವರೇ ಸರಿ, ಕ್ಷಮಿಸಿ. ಒಪ್ಪಿಗೆ ಎಣಿಸುವುದು ನವೆಂಬರ್ ಇಪ್ಪತ್ತಮೂರರ ಭಾನುವಾರ. ಅಷ್ಟರೊಳಗೆ ಅದು ತನ್ನದಲ್ಲವೆಂದು ತೋರಿಸದಿದ್ದರೆ ಅವಳ ಹೆಸರು ಪಾಲಕರ ಪಟ್ಟಿಯಿಂದ ಹೋಗುತ್ತದೆ. ಸುಳ್ಳುಗಾತಿ ಎಂಬ ಹೆಸರು ಮಾತ್ರ ಉಳಿಯುತ್ತದೆ.

ಪಾಸ್‌ವರ್ಡ್ ಕದ್ದಿರಬಹುದು ಎಂದರು ಉಷಾರಾಣಿ. ಅಲ್ಲಿ ಪಾಸ್‌ವರ್ಡ್ ಅಲ್ಲ, ಗುಪ್ತ ಕೀಲಿಯಿಂದ ಹಾಕುವ ಡಿಜಿಟಲ್ ಸಹಿ, ಅದು ಬಿದ್ದರೆ ಅವಳೇ ಬರೆದ ಹಾಗೆ ಎಂದಳು ಸನೋಬರ್. ಬೇರೆಯವರ ಡಿಜಿಟಲ್ ಸಹಿ ಬಳಸಿದ್ದಕ್ಕೆ ಐಟಿ ಕಾಯ್ದೆಯ ೬೬ಸಿ, ಜೊತೆಗೆ ಮಾನ ಕಳೆಯಲು ಮಾಡಿದ ಫೋರ್ಜರಿಗೆ ಬಿಎನ್‌ಎಸ್ ೩೩೬(೪). ಎಫ್‌ಐಆರ್ ಆಯಿತು. ವೇದಾವತಿ ಯಾರೆಂದು ಕೇಳಿ ಹೊರದೇಶದ ಇಮೇಲ್ ಕಂಪನಿಗೂ ಪತ್ರ ಹೋಯಿತು. ಅಂಥ ಪತ್ರಕ್ಕೆ ಉತ್ತರ ಯಾವ ಕಾಲಕ್ಕೆ ಬರುತ್ತದೋ ದೇವರೇ ಬಲ್ಲ.

ಬುಧವಾರ ಹಿರಿಯೂರಿನ ಮನೆಯಲ್ಲಿ ಲ್ಯಾಪ್‌ಟಾಪ್ ಜಪ್ತಿಯ ಪಂಚನಾಮೆ. ಅದಕ್ಕೆ ಇಬ್ಬರು ಪಂಚರು ಬೇಕು, ಪ್ರಕರಣಕ್ಕೆ ಸಂಬಂಧವಿಲ್ಲದ ಸಾಕ್ಷಿಗಳು. ಕಂಪ್ಯೂಟರ್ ವಿಷಯ ಬಂದಾಗ ಆ ಠಾಣೆಯಲ್ಲಿ ಒಂದು ರೂಢಿ ಬಿದ್ದುಹೋಗಿತ್ತು: ಹೊಳಲ್ಕೆರೆಯ ದಯಾನಂದ ಮೇಷ್ಟ್ರಿಗೆ ಫೋನ್ ಮಾಡುವುದು. ಡಿಪ್ಲೊಮಾ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಪಾಠ ಹೇಳುವವರು. ಜಿಲ್ಲೆಯಲ್ಲಿ ಕಂಪ್ಯೂಟರ್ ಕಲಿತವರಲ್ಲಿ ಅರ್ಧಕ್ಕರ್ಧ ಅವರ ಶಿಷ್ಯರು. ಕರೆದಾಗ ಬರುತ್ತಿದ್ದರು, ಪೆಟ್ರೋಲಿನ ಖರ್ಚೂ ಮುಟ್ಟುತ್ತಿರಲಿಲ್ಲ. ಸಾಕ್ಷಿ ಹೇಳಲು ಕೋರ್ಟಿಗೂ ತಪ್ಪಿಸುತ್ತಿರಲಿಲ್ಲ. ಇಂಥವರನ್ನು ಬಿಟ್ಟು ಬೇರೆಯವರನ್ನು ಯಾರು ಹುಡುಕುತ್ತಾರೆ ಹೇಳಿ.

ಮೇಷ್ಟ್ರು ಒಳಗೆ ಬಂದದ್ದೇ ಸನೋಬರ್ ಎದ್ದು ನಿಂತಳು. ಮೌಲಾ ಸಾಬರೂ ಸೂಜಿ ಕೆಳಗಿಟ್ಟು ಎದ್ದರು, ಒಳ್ಳೆಯ ಕುರ್ಚಿ ತಂದು ಹಾಕಿದರು. ಉಷಾರಾಣಿ ನೋಡಿದರು, ಮೇಷ್ಟ್ರಿಗೆ ಎಲ್ಲಿ ಹೋದರೂ ಇದೇ ಗೌರವ ಎಂದುಕೊಂಡು ಸುಮ್ಮನಾದರು. ಇವರು ನಿಮಗೆ ಗೊತ್ತಾ ಎಂಬ ಮೂರು ಪದದ ಪ್ರಶ್ನೆ ಆಗ ಅವರ ಬಾಯಿಗೆ ಬರಲಿಲ್ಲ. ಆಮೇಲೆ ಅದನ್ನು ನೆನೆದಾಗಲೆಲ್ಲ ಅವರಿಗೆ ಮೈ ಹಿಡಿಯಷ್ಟಾಗುತ್ತಿತ್ತು.

ಲ್ಯಾಪ್‌ಟಾಪಿಗೆ ಸೀಲ್ ಹಾಕಿ, ಸಹಿ ಮಾಡಿ, ಮೇಷ್ಟ್ರು ಬಾಗಿಲ ಬಳಿ ನಿಂತು ತಗ್ಗಿದ ದನಿಯಲ್ಲಿ ಹೇಳಿದರು. ಹೊರಗಿನವರು ನುಗ್ಗಿದ ಗುರುತು ಮೇಲ್ನೋಟಕ್ಕೆ ಕಾಣುವುದಿಲ್ಲ. ಇಂಥ ಗುಂಪುಗಳಲ್ಲಿ ಹುಡುಗಿಯರು ಯಾರದೋ ಸಲುಗೆಗೆ ಬಿದ್ದು ಏನೋ ಬರೆಯುತ್ತಾರೆ, ಆಮೇಲೆ ನಾನಲ್ಲ ಎನ್ನುತ್ತಾರೆ. ವಿಚಾರಿಸಿ ನೋಡಿ.

ಉಷಾರಾಣಿ ನಂಬಿದರು. ನಂಬಿದ್ದಷ್ಟೇ ಅಲ್ಲ, ತಿರುಗಿ ನಿಂತು, ಅಪ್ಪ ಕೂತಿದ್ದಾರೆ, ಮೇಷ್ಟ್ರು ನಿಂತಿದ್ದಾರೆ, ಬೀದಿಯ ಬಾಗಿಲು ತೆರೆದಿದೆ ಎಂಬ ಯಾವ ಪರಿವೆಯೂ ಇಲ್ಲದೆ ಕೇಳಿಬಿಟ್ಟರು:

"ಯಾರು ಹೇಳಿ ಬರೆಸಿದ್ದಮ್ಮ? ಯಾವ ಹುಡುಗ?"

ಸನೋಬರ್ ಎದ್ದು ಒಳಗೆ ಹೋದಳು. ಮೌಲಾ ಸಾಬ್ ನೆಲ ನೋಡುತ್ತ ಕೂತರು.

ಪ್ರಯೋಗಾಲಯದ ವರದಿ ಬಂದದ್ದು ಮುಂದಿನ ಬುಧವಾರ. ಬರಹ ಬಂದ ಶುಕ್ರವಾರ ಬೆಳಗ್ಗೆಯಿಂದ ಸಂಜೆಯವರೆಗೆ ಆ ಲ್ಯಾಪ್‌ಟಾಪ್ ಚಾಲೂ ಆಗಿಯೇ ಇರಲಿಲ್ಲ. ಉಷಾರಾಣಿ ಅದನ್ನು ಎರಡು ಸಲ ಓದಿದರು. ಹೆಡ್ ಕಾನ್‌ಸ್ಟೆಬಲ್ ಚಿತ್ರಲಿಂಗಪ್ಪ ಫೋನ್ ಮಾಡಿ ಸನೋಬರಳನ್ನು ಕರೆಸಿದ. ಈ ಸಲ ಅವಳು ಒಬ್ಬಳೇ ಬಂದಳು. ಅಪ್ಪನ ಜೊತೆ ಬರಲು ಮನಸ್ಸಾಗಲಿಲ್ಲ ಎಂದು ಕೇಳದೆಯೇ ಹೇಳಿದಳು.

ಈ ಲ್ಯಾಪ್‌ಟಾಪ್ ಇಲ್ಲದೆ ನಿನ್ನ ಸಹಿ ಹಾಕಲು ಬರುತ್ತದಾ ಎಂದು ಕೇಳಿದರು ಉಷಾರಾಣಿ. ಬರುತ್ತದೆ. ಮೆಷೀನು ಕೆಟ್ಟರೆ ಇರಲಿ ಎಂದು ಕೀಲಿಯನ್ನು ಮೂರು ತುಂಡು ಮಾಡಿ, ಸ್ಟೀಲ್ ಪಟ್ಟಿಗಳ ಮೇಲೆ ಕೊರೆಸಿಟ್ಟಿದ್ದಾಳೆ. ಮೂರರಲ್ಲಿ ಯಾವ ಎರಡು ಸೇರಿದರೂ ಪೂರ್ತಿ ಕೀಲಿ ಸಿಗುತ್ತದೆ. ಒಂದೇ ಇದ್ದರೆ ಪ್ರಯೋಜನವಿಲ್ಲ. ಅವಳ ತುಂಡು ಅವಳ ಬೀರುವಿನಲ್ಲೇ ಇದೆ, ಯಾರೂ ಮುಟ್ಟಿಲ್ಲ.

"ಉಳಿದ ಎರಡು ಯಾರ ತಾವ ಐದಾವಮ್ಮ?" ಎಂದ ಚಿತ್ರಲಿಂಗಪ್ಪ.

"ಒಂದು ನಮ್ ಅಣ್ಣನ ಹತ್ರ, ಹೊಸದುರ್ಗದಾಗೆ. ಇನ್ನೊಂದು ಸರ್ ಹತ್ರ."

"ಯಾವ ಸರ್?"

"ನಮ್ ಮನೆಗೆ ಬಂದಿದ್ರಲ್ಲ ಸರ್. ಪಂಚನಾಮೆಗೆ ಸಹಿ ಹಾಕಿದ್ರಲ್ಲ."

ಚಿತ್ರಲಿಂಗಪ್ಪ ಪೆನ್ನು ಮೇಜಿನ ಮೇಲಿಟ್ಟ. ಉಷಾರಾಣಿಯ ಮುಖ ಕಿವಿಯವರೆಗೂ ಬಿಸಿಯಾಯಿತು. ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳುವಾಗ ಅವರ ದನಿ ಅವರಿಗೇ ಕೇಳುವಷ್ಟು ಸಣ್ಣದಾಗಿತ್ತು.

"ನೀವೇ ಕರ್ಕಂಡು ಬಂದಿದ್ರಿ ಮೇಡಂ. ಅದೂ ಅಲ್ದೆ ಅವರು ನಮ್ ಸರ್. ಅವರ ಮುಂದೆ ಹೆಂಗೆ ಹೇಳ್ಲಿ?"

ಹತ್ತನೇ ತರಗತಿ ಮುಗಿದಾಗ ಮನೆಗೇ ಬಂದು, ಮೌಲಾ ಸಾಬರ ಎದುರು ಕೂತು, ಈ ಹುಡುಗಿಯನ್ನು ಓದಿಸಲೇಬೇಕು ಎಂದು ಹಟ ಹಿಡಿದವರು ದಯಾನಂದ ಮೇಷ್ಟ್ರು. ಅಣ್ಣ ಅತೀಫನೂ ಅವರ ಶಿಷ್ಯನೇ. ಹವಳದ ಲೋಕವನ್ನು ಅವಳಿಗೆ ತೋರಿಸಿದ್ದೂ ಅವರೇ. ಅವರ ಮೇಲೆ ಅನುಮಾನವಿದೆಯೇ ಎಂದಾಗ ಸನೋಬರ್ ಗಾಬರಿಯಿಂದ ತಲೆಯಾಡಿಸಿದಳು. ಇಲ್ಲ, ಇಲ್ಲ, ಒಂದೇ ತುಂಡಿನಿಂದ ಏನೂ ಆಗುವುದಿಲ್ಲ ಎಂದಳು.

ಗುರುವಾರ ಉಷಾರಾಣಿ, ಚಿತ್ರಲಿಂಗಪ್ಪ ಇಬ್ಬರೂ ಹೊಸದುರ್ಗಕ್ಕೆ ಹೋದರು. ಬಸ್ ನಿಲ್ದಾಣದ ಪಕ್ಕ ಅತೀಫನ ಮೊಬೈಲ್ ರಿಪೇರಿ ಅಂಗಡಿ. ಸ್ಟೀಲ್ ಪಟ್ಟಿ ಎಲ್ಲಿ ಎಂದದ್ದಕ್ಕೆ ಗಲ್ಲಾಪೆಟ್ಟಿಗೆಯ ಅಡಿಯಿಂದ ತೆಗೆದು ತೋರಿಸಿದ. ಯಾರಿಗಾದರೂ ಕೊಟ್ಟಿದ್ದೆಯಾ? ಸರ್‌ಗೆ ಬಿಟ್ಟು ಇನ್ಯಾರಿಗೂ ಇಲ್ಲ ಎಂದ, ಅದೇನೂ ಹೇಳಬೇಕಾದ ಸಂಗತಿಯೇ ಅಲ್ಲ ಎಂಬ ಹಾಗೆ. ನವೆಂಬರ್ ಮೊದಲ ವಾರ ಸರ್ ಹೆಂಡತಿ ಜೊತೆ ಹಾಲುರಾಮೇಶ್ವರದ ದೇವಸ್ಥಾನಕ್ಕೆ ಹೋಗುವಾಗ ಅಂಗಡಿಗೆ ಬಂದಿದ್ದರು. ಪಟ್ಟಿ ನೋಡಬೇಕು ಎಂದರು, ಫೋಟೊ ತೆಗೆದುಕೊಂಡು ವಾಪಸ್ ಕೊಟ್ಟರು. ತಂಗಿಗೆ ನಾನೇ ಹೇಳುತ್ತೇನೆ ಎಂದರಂತೆ.

"ಯಾಕೆ ಅಂತ ಕೇಳ್ಲಿಲ್ವೇನಪ್ಪ?"

"ಸರ್‌ನ ಯಾಕೆ ಅಂತ ಹೆಂಗ್ ಕೇಳೋದು ಮೇಡಂ?"

ಉಷಾರಾಣಿ ಅವನಿಗೆ ಬೈಯಲು ಬಾಯಿ ತೆರೆದವರು ಹಾಗೇ ಮುಚ್ಚಿದರು. ಯಾವ ಮುಖ ಇಟ್ಟುಕೊಂಡು ಬೈಯುವುದು? ಎರಡು ಕೈ ಸೇರದೆ ತೆರೆಯದ ಬೀಗವನ್ನು ಸನೋಬರ್ ಕಟ್ಟಿದ್ದಳು. ಲೆಕ್ಕ ಸರಿಯಾಗಿಯೇ ಇತ್ತು. ಒಂದು ಕೈ ಇನ್ನೊಂದಕ್ಕೆ ಇಲ್ಲ ಎನ್ನಲಾರದು ಎಂಬುದೊಂದು ಅವಳ ಲೆಕ್ಕದಲ್ಲಿ ಇರಲಿಲ್ಲ. ಪೊಲೀಸರ ಲೆಕ್ಕದಲ್ಲೂ ಇರಲಿಲ್ಲ.

ಹೊರಡುವಾಗ ಅತೀಫ್ ತಡೆದು ತಡೆದು ಇನ್ನೊಂದು ಮಾತು ಹೇಳಿದ. ನಿನ್ನೆ ಸರ್ ಫೋನ್ ಮಾಡಿದ್ದರು. ಅವನ ಫೋನಿನಲ್ಲಿ ಎಲ್ಲ ಕರೆಯೂ ತಾನಾಗಿಯೇ ರೆಕಾರ್ಡ್ ಆಗುತ್ತದೆ. ಕೇಳಿಸಿದ. ನಾನು ಅಂಗಡಿಗೆ ಬಂದಿದ್ದು ಯಾರಿಗೂ ಹೇಳಬೇಡಪ್ಪ, ಪೊಲೀಸರು ಕೇಳಿದರೂ ಹೇಳಬೇಡ ಎಂದು ಮೇಷ್ಟ್ರು ಬೇಡಿಕೊಳ್ಳುತ್ತಿದ್ದರು. ಪಾಠ ಹೇಳುವಾಗಿನ ದನಿ ಅದಾಗಿರಲಿಲ್ಲ. ಸಾಮಾನ್ಯವಾಗಿ ಇಂಥ ಪ್ರಕರಣದಲ್ಲಿ ನೋಟಿಸ್ ಕೊಟ್ಟು ಕರೆಸುತ್ತಾರೆ. ಸಾಕ್ಷಿಯ ಬಾಯಿ ಮುಚ್ಚಿಸಲು ಹೊರಟ ಮೇಲೆ ಬಂಧನಕ್ಕೆ ಕಾರಣ ಸಿಕ್ಕಿತು.

ಶುಕ್ರವಾರ ಮಧ್ಯಾಹ್ನ ಹೊಳಲ್ಕೆರೆಯ ಕಾಲೇಜಿನ ಸ್ಟಾಫ್ ರೂಮಿನಲ್ಲಿ ದಯಾನಂದ ಮೇಷ್ಟ್ರು ಲ್ಯಾಬ್ ರೆಕಾರ್ಡುಗಳನ್ನು ತಿದ್ದುತ್ತಿದ್ದರು. ಪೊಲೀಸರನ್ನು ಕಂಡು, ಹೊಸ ಪಂಚನಾಮೆಯಾ ಎಂದು ಕೇಳಿದರು. ಹೌದು ಎಂದರು ಉಷಾರಾಣಿ. ಈ ಸಲ ಪಂಚರನ್ನು ತಾಲ್ಲೂಕು ಕಚೇರಿಯಿಂದ ತಂದಿದ್ದರು. ನಿಮಗೆ ಇವರು ಪರಿಚಯವಾ, ಸಂಬಂಧವಾ, ಇವರ ಹತ್ತಿರ ಓದಿದ್ದೀರಾ ಎಂದು ಚಿತ್ರಲಿಂಗಪ್ಪ ದಾರಿಯುದ್ದಕ್ಕೂ ಕೇಳಿ ಅವರಿಬ್ಬರ ತಲೆ ತಿಂದಿದ್ದ.

ಮೇಷ್ಟ್ರ ಫೋನಿನಲ್ಲಿ ಪಟ್ಟಿಯ ಫೋಟೊ ಸಿಕ್ಕಿತು. ವೇದಾವತಿಯ ಹೆಸರಿನ ಇಮೇಲ್ ಖಾತೆಯೂ ಅದೇ ಫೋನಿನಲ್ಲಿತ್ತು. ಹೆಂಡತಿ ದಾಕ್ಷಾಯಿಣಿಯವರಿಗೆ ಬಂಧನದ ಸುದ್ದಿ ಫೋನಿನಲ್ಲಿ ತಿಳಿಸುವಾಗ ಮೇಷ್ಟ್ರು ಹೊರಗೆ ಹೋಗಿ ನಿಲ್ಲಲು ಅನುಮತಿ ಕೇಳಿದರು. ಕಾರಿಡಾರಿನಲ್ಲಿ ನಿಂತಿದ್ದ ಹುಡುಗರು ಅಭ್ಯಾಸ ಬಲದಿಂದ ಪಕ್ಕಕ್ಕೆ ಸರಿದು ನಮಸ್ಕಾರ ಸರ್ ಎಂದರು. ಬರ್ರಿ ಸರ್, ಹೋಗಾಣ ಎಂದು ಚಿತ್ರಲಿಂಗಪ್ಪ ಜೀಪಿನ ಬಾಗಿಲು ತೆಗೆದ. ಮೇಷ್ಟ್ರು ಜೀಪು ಹತ್ತಿದವರು ತಲೆ ಎತ್ತಲಿಲ್ಲ.

ದಾರಿಯಲ್ಲಿ ಅವರೇ ಮಾತು ತೆಗೆದರು. ಪೊಲೀಸರ ಮುಂದೆ ಒಪ್ಪಿಕೊಂಡದ್ದಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ, ಆದರೂ ಉಷಾರಾಣಿ ತಡೆಯಲಿಲ್ಲ. ಇಪ್ಪತ್ತು ವರ್ಷ ಬೇರೆಯವರು ಬರೆದದ್ದನ್ನೇ ಪಾಠ ಹೇಳಿದ್ದರು. ತಾವೇ ಬರೆದದ್ದು ಯಾವ್ಯಾವುದೋ ದೇಶದ ಕಂಪ್ಯೂಟರುಗಳಲ್ಲಿ ಓಡುತ್ತದೆ ಎನ್ನುವಷ್ಟರಲ್ಲಿ ಸನೋಬರಳ ಆಕ್ಷೇಪಣೆ ಬಂತು.

"ಅವಳು ಬರೆದಿದ್ದು ಸರಿ ಅಂತ ಮೊದಲ ದಿನಾನೇ ಗೊತ್ತಾಯ್ತು ನನಗೆ. ನಾನೇ ಅವಳಿಗೆ ಕಲಿಸಿದ್ದ ಪಾಠ ಅದು. ಅದರಾಗೇ ತಪ್ಪಿದ್ದೆ."

ಹಾಗಾದರೆ ವಾಪಸ್ ತೆಗೆದುಕೊಳ್ಳಬಹುದಿತ್ತಲ್ಲ ಸರ್ ಎಂದರು ಉಷಾರಾಣಿ.

"ವೇದಾವತಿ ಯಾರು ಅಂತ ಇವತ್ತಲ್ಲ ನಾಳೆ ಅವಳಿಗೆ ತಿಳೀತಿತ್ತು. ನಮ್ ಸರ್ ಇಷ್ಟು ಸಣ್ಣ ತಪ್ಪು ಮಾಡಿದ್ರು ಅಂತ ಅವಳು ತಿಳ್ಕಳ್ಳೋದು ನನಗೆ ಬೇಡಾಗಿತ್ತು." ಕೇಳದೆಯೇ ಮುಂದುವರಿಸಿದರು. "ನೀವು ಪಂಚನಾಮೆಗೆ ಕರೆದಾಗ ಇಲ್ಲ ಅಂದ್ರೆ ಅನುಮಾನ ಬರ್ತದೆ ಅಂತ ಬಂದೆ. ಅಲ್ಲಿ ಬಂದು ಆ ಮಾತು ಯಾಕಾಡ್ದೆನೋ. ನನಗೆ ಹೆಣ್ಮಕ್ಕಳಿಲ್ಲ. ಅವಳನ್ನ ಮಗಳು ಅಂತಾನೇ ಎಲ್ಲರ ಹತ್ರ ಹೇಳ್ಕಂಡು ತಿರುಗ್ತಿದ್ದೆ."

ಮೇಷ್ಟ್ರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದ್ದಾಯಿತು. ಮೊದಲ ಪಂಚನಾಮೆ ಹಾಳಾದ ಬಗ್ಗೆ ಉಷಾರಾಣಿ ಮೇಲಧಿಕಾರಿಗೆ ತಾವೇ ವರದಿ ಬರೆದರು. ಮೆಮೊ ಬರುವುದು ಖಚಿತವಾಗಿತ್ತು. ತನಿಖೆಯಲ್ಲಿ ಕಂಡದ್ದನ್ನು ತಿಳಿಸುವ ಪತ್ರ ಠಾಣೆಯ ಮೊಹರಿನೊಂದಿಗೆ ಶನಿವಾರವೇ ವೇದಿಕೆಗೆ ಹೋಯಿತು. ಭಾನುವಾರ ಎಣಿಕೆಯಲ್ಲಿ ತಿದ್ದುಪಡಿ ಬಿದ್ದುಹೋಯಿತು. ಸನೋಬರ್ ಹೆಸರು ಪಟ್ಟಿಯಲ್ಲೇ ಉಳಿಯಿತು.

ಆ ಸಂಜೆ ಉಷಾರಾಣಿ ಸಮವಸ್ತ್ರದಲ್ಲೇ ಹಿರಿಯೂರಿಗೆ ಹೋದರು. ಅವಮಾನ ಮಾಡಿದ್ದು ಆ ಬಟ್ಟೆಯಲ್ಲಿ, ತಪ್ಪು ಒಪ್ಪಿಕೊಳ್ಳುವುದೂ ಅದರಲ್ಲೇ ಆಗಲಿ ಎಂದುಕೊಂಡಿದ್ದರು. ಮನೆಯ ಮುಂಭಾಗದಲ್ಲೇ ಇದ್ದ ಗಾದಿ ಅಂಗಡಿಯ ಬಾಗಿಲಲ್ಲಿ ನಿಂತು, ಅಕ್ಕಪಕ್ಕದವರಿಗೂ ಕೇಳುವ ಹಾಗೆ, ನಿಮ್ಮ ಮಗಳನ್ನು ಕೇಳಬಾರದ್ದು ಕೇಳಿದೆ, ನನ್ನದು ತಪ್ಪು ಎಂದರು. ಮೌಲಾ ಸಾಬ್ ಕುಂತ್ಕಳ್ರಿ ಎಂದು ಗಾದಿಯ ಮೇಲೆ ಜಾಗ ಮಾಡಿದರು.

"ನೀವು ಕೇಳ್ದಾಗ ನನ್ ಮಗಳು ಅಂಥೋಳಲ್ಲ ಅನ್ನಬೇಕಿತ್ತು ಮೇಡಂ ನಾನು. ಸರ್ ಅಲ್ಲೇ ನಿಂತಿದ್ರು. ಅವರು ಹೇಳ್ತಾರೆ ಅಂತ ಸುಮ್ನೆ ಕುಂತೆ."

ಸನೋಬರ್ ಚಹಾ ತಂದಿಟ್ಟು, ಸರ್ ಯಾಕೆ ಹಾಗೆ ಮಾಡಿದರು ಎಂದು ಕೇಳಿದಳು. ವೇದಾವತಿ ಅವರೇ ಎಂಬುದನ್ನು ವೇದಿಕೆಗೆ ಹೋದ ಪತ್ರದಲ್ಲಿ ಬರೆದಿರಲಿಲ್ಲ. ಉಷಾರಾಣಿ ಹೇಳಿದರು. ಹುಡುಗಿ ಗೋಡೆಗೆ ಒರಗಿ, ತಾನೇ ಕದ್ದು ಸಿಕ್ಕಿಬಿದ್ದವಳ ಹಾಗೆ ಮುಖ ತಗ್ಗಿಸಿದಳು.

"ಸರ್ ಅಂತ ಮೊದಲೇ ಗೊತ್ತಿದ್ರೆ, ತಪ್ಪೈತೆ ಅಂತ ನಾನು ಬರೀತಾನೇ ಇರ್ಲಿಲ್ಲ ಮೇಡಂ."