ಬಸುರಿಯರ ಬೆಂಚು

ಎಂಬತ್ತೆಂಟರಲ್ಲಿ ರಾಯಚೂರಿನಲ್ಲಿ ಹೊಟ್ಟೆಯ ಸ್ಕ್ಯಾನಿಂಗ್‌ಗೆ ನೂರೈವತ್ತು ರೂಪಾಯಿ. ದೇವದುರ್ಗದ ತಾಲೂಕು ಕಚೇರಿಯ ಟೈಪಿಸ್ಟ್ ಕನಕಮ್ಮನಿಗೆ ಅದು ಎರಡು ತಿಂಗಳ ಮನೆಬಾಡಿಗೆ. ಕೊಟ್ಟಳು. ಅದಕ್ಕಿಂತ ದುಬಾರಿಯಾದದ್ದು ಆ ಕೋಣೆಯ ಮುಂದಿನ ಬೆಂಚಿನ ಮೇಲೆ ಕೂತದ್ದು.

ಅದು ಬಸುರಿಯರು ಕೂರುವ ಬೆಂಚು. ಸ್ಕ್ಯಾನಿಂಗ್ ಎಂದರೆ ಕೂಸು ನೋಡುವ ಯಂತ್ರ ಎಂದೇ ಊರೆಲ್ಲ ತಿಳಿದಿತ್ತು. ಮದುವೆಯಾಗದ ಕನಕಮ್ಮ ಹಿಂದಿನ ದಿನದಿಂದ ಬಿಡದ ನೋವಿಗೆ ಹೊಟ್ಟೆ ಹಿಡಿದುಕೊಂಡು ಅವರ ನಡುವೆ ಬಾಗಿ ಕೂತಿದ್ದಳು.

ತಲೆಯೆತ್ತಿದಾಗ ಎದುರಿಗೆ ಪಕೀರಪ್ಪ!

ಮಾನ್ವಿಯವನು. ತಿಂಗಳ ಹಿಂದೆ ಅವಳನ್ನು ನೋಡಿ ಒಪ್ಪಿ ಹೋದವನು. ಬಸುರಿ ತಂಗಿ ಯಂಕಮ್ಮನನ್ನು ತೋರಿಸಲು ಕರೆತಂದಿದ್ದ. ಅವನ ಕಣ್ಣು ಕನಕಮ್ಮನ ಮುಖದಿಂದ ಹೊಟ್ಟೆ ಹಿಡಿದ ಕೈಗೆ ಇಳಿಯಿತು. ಯಂಕಮ್ಮ ಅಣ್ಣನ ಕಿವಿಯಲ್ಲಿ ಏನೋ ಅಂದಳು. ಅವನು ಹೋಗಿ ದೂರದ ಕಿಟಕಿಯ ಹತ್ತಿರ ಕೂತ.

'ಹೇಳಬೇಕು...' ಅಂದುಕೊಂಡಳು. ತಾನಾಗಿ ಹೋಗಿ ಹೇಳಿದರೆ ಬೇಡಿಕೊಂಡಂತೆ. ಅವ್ವ ಇದ್ದಿದ್ದರೆ ಅವಳೇ ಎದ್ದು ನಾಲ್ಕು ಮಾತು ಆಡುತ್ತಿದ್ದಳು. ಅವ್ವ ಹೋಗಿ ಎಷ್ಟೋ ವರ್ಷವಾಗಿತ್ತು. ಅಷ್ಟರಲ್ಲಿ ಸರದಿ ಬಂತು.

ಕತ್ತಲ ಕೋಣೆ. ಎಲ್ಲಿ ನೋವು ಎಂದು ಒಂದೇ ಬೆರಳಲ್ಲಿ ತೋರಿಸಲು ಡಾಕ್ಟರು ಹೇಳಿದರು. ತಣ್ಣನೆಯ ಅಂಟು ಹಚ್ಚಿ, ಬಲಗಡೆಯ ಕೆಳಹೊಟ್ಟೆಯನ್ನು ಯಂತ್ರದ ಹಿಡಿಯಿಂದ ಮೆಲ್ಲಗೆ, ಆಳಕ್ಕೆ ಒತ್ತಿದರು. ಅವಳು ತುಟಿ ಕಚ್ಚಿದಳು.

"ಒತ್ತಿದ್ರ ಚೊಲೊ ಕರುಳು ಚಪ್ಪಟಿ ಆಗತದವ್ವ. ಇದು ಆಗವಲ್ದು, ಬಾತು ನಿಂತದ. ಅಪೆಂಡಿಕ್ಸ್. ಇವತ್ತ ತೆಗೀಬೇಕು. ಜೋಡಿ ಯಾರು ಬಂದಾರ?"

"ಯಾರೂ ಇಲ್ರಿ."

ಆಯಾ ಬಿಸ್ಮಿಲ್ಲಾ ಬೀ ಅದನ್ನು ಕಿವಿಗೆ ಹಾಕಿಕೊಳ್ಳದೆ ಬಾಗಿಲು ತೆರೆದು ಕೂಗಿಯೇ ಬಿಟ್ಟಳು: "ದೇವದುರ್ಗದ ಕನಕಮ್ಮನ ಕಡಿಯವರು ಯಾರ್ರಿ? ಆಪರೇಷನ್‌ಗೆ ಸಹಿ ಬೇಕು."

ಕೊರಳಲ್ಲಿ ತಾಳಿಯಿಲ್ಲದವಳಿಗೆ ಇಲ್ಲಿ ಆಪರೇಷನ್ ಎಂದರೆ ಏನೆಂದು ಬೆಂಚಿನ ಮೇಲಿದ್ದವರು ತಮ್ಮಷ್ಟಕ್ಕೆ ತೀರ್ಮಾನಿಸಿದ್ದರು. ಕನಕಮ್ಮ ಕಣ್ಣು ಮುಚ್ಚಿದಳು. ಹುಟ್ಟಿದಾಗಿನಿಂದ ಇಷ್ಟು ಒಂಟಿ ಅನ್ನಿಸಿರಲಿಲ್ಲ.

"ನಾನು."

ಪಕೀರಪ್ಪ ಎದ್ದಿದ್ದ. ತಂಗಿ ಅಂಗಿ ಜಗ್ಗುತ್ತಿದ್ದಳು. ನೀವು ಏನಾಗಬೇಕು ಎಂದು ಆಯಾ ಕೇಳಿದ್ದಕ್ಕೆ, ಲಗ್ನ ಮಾಡಿಕೊಳ್ಳುವವನು ಎಂದ. ಸಹಿ ಹಾಕಿದ. ಏನು ರೋಗವೆಂದು ಡಾಕ್ಟರು ಹೇಳಿದ್ದು ಆಮೇಲೆ.

ಆಪರೇಷನ್ ಆಗಿ, ಬಾಯಿಗೆ ಏನಾದರೂ ಕೊಡಬಹುದು ಎಂದು ಡಾಕ್ಟರು ಹೇಳಿದ ದಿನ ಅವನು ವಾರ್ಡಿಗೆ ಗಂಜಿ ತಂದ. ಅವಳು ಬಟ್ಟಲಿಗೆ ಕೈ ಚಾಚಲಿಲ್ಲ.

"ಅವತ್ತು ನನ್ನ ನೋಡಿ ಏನಂತ ತಿಳಿದಿದ್ರಿ?"

"ಎಲ್ಲಾರು ತಿಳಿಯೋದನ್ನ ತಿಳಿದಿದ್ದೆ. ಸುಳ್ಳು ಹೇಳಂಗಿಲ್ಲ."

ಹೊಲಿಗೆಗಿಂತ ಆ ಮಾತು ಹೆಚ್ಚು ನೋಯಿಸಿತು.

"ಮತ್ತ ಯಾಕ ಎದ್ರಿ?"

ಅವನು ಬಟ್ಟಲನ್ನು ಮಂಚದ ಅಂಚಿಗೆ ಇಟ್ಟ. "ಕೂಗಿದಾಗ ಯಾರೂ ಏಳಲಿಲ್ಲ. ಒಳಗ ಒಬ್ಬರೇ ಮಲಗೀರಿ ಅನ್ನೋದಷ್ಟ ತಲ್ಯಾಗ ಬಂತು. ಉಳಿದದ್ದು ಆಮ್ಯಾಲ ನೋಡಿದರಾಯ್ತು ಅಂತ..."

ಕನಕಮ್ಮ ಬಟ್ಟಲಿಗೆ ಕೈ ಚಾಚಿದಳು.

"ಗಂಜಿ ಆರಾಕತ್ತದ. ಕೊಡ್ರಿ."

"ಸಿಟ್ಟು ಹೋಯ್ತೇನು?"

"ಇಲ್ಲ. ಲಗ್ನ ಆದಮ್ಯಾಲ ತೀರಿಸ್ಕೋತೀನಿ."

ಲಗ್ನ ಮಾನ್ವಿಯಲ್ಲೇ ಆಯಿತು. ಕನಕಮ್ಮನಿಗೆ ತನ್ನವರು ಅನ್ನುವ ಮನೆ ಸಿಕ್ಕಿತು. ಯಂಕಮ್ಮ ಮಾತ್ರ, ಕನಕಮ್ಮ ಲಗ್ನಕ್ಕೆ ಮೊದಲೇ ಬಸುರಾಗಿದ್ದಳೆಂದು ತಾನು ಊರಿಗೆಲ್ಲ ಹೇಳಿಕೊಂಡು ಬಂದದ್ದನ್ನು ವಾಪಸು ತೆಗೆದುಕೊಳ್ಳಲಾರದೆ, ಅಣ್ಣನ ಮನೆಗೆ ಮತ್ತೆ ಕಾಲಿಡಲಿಲ್ಲ.