ಒಂದು ಪ್ಯಾಂಟು, ಎರಡು ನೀಲಿ

"ಈ ಪ್ಯಾಂಟು ಕಟಿಂಗ್ ಮಾಡಿದ್ದು ಯಾರು?"

ಮಾಲೀಕ ಓಬುಲೇಶ್ ಎತ್ತಿ ಹಿಡಿದ ಜೀನ್ಸ್ ಪ್ಯಾಂಟಿನ ಒಂದು ಕಾಲು ಕಡುನೀಲಿ, ಇನ್ನೊಂದು ತಿಳಿನೀಲಿ. ವಾಷಿಂಗ್‌ನಿಂದ ಬಂದ ನಲವತ್ತೂ ಹಾಗೇ ಇದ್ದವು. ರಾಯದುರ್ಗದ ಆ ಹೊಲಿಗೆ ಶೆಡ್ಡಿನಲ್ಲಿ ಮಿಷನ್ನುಗಳೆಲ್ಲ ಒಮ್ಮೆಲೇ ನಿಂತವು.

"ನಾನೇ ಸಾರ್," ಎಂದ ಕಟಿಂಗ್ ಮಾಸ್ಟರ್ ರಾಮಾಂಜಿನೇಯ. "ನಂಬರ್ ಸರಿಯಾಗೇ ಹಾಕಿದ್ದೆ."

"ಸರಿಯಾಗಿ ಹಾಕಿದ್ರ ಹಿಂಗ್ಯಾಕ ಬರ್ತಿತ್ತು? ನಾಳೆಯಿಂದ ಬರಬ್ಯಾಡ."

ರಾಮಾಂಜಿನೇಯ ತಿರುಗಿದ. ಅವನ ಕಣ್ಣು ನೇರವಾಗಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಅರ್ಚನಾಳ ಮೇಲೆ ಬಂದು ನಿಂತಿತು. ಏನನ್ನೋ ಕಾಯುವಂತೆ...

ಅರ್ಚನಾ ತಲೆ ತಗ್ಗಿಸಿದಳು.

ತಪ್ಪು ಅವಳದು. ಬೇರೆ ಬೇರೆ ಥಾನಿನ ಬಟ್ಟೆ ತೊಳೆದ ಮೇಲೆ ಬೇರೆ ಬೇರೆ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಕತ್ತರಿಸಿದ ತುಂಡುಗಳಿಗೆ ನಂಬರಿನ ಚೀಟಿ ಅಂಟಿಸಿ ಕಟ್ಟು ಕಟ್ಟುತ್ತಾರೆ. ಹೋದ ವಾರ ಅವಳ ಮೇಜಿನಿಂದ ಎರಡು ಕಟ್ಟು ಜಾರಿ ಬಿಚ್ಚಿಹೋಗಿದ್ದವು. ನಂಬರ್ ನೋಡದೆ ಬಾಚಿಕೊಂಡು ಹೊಲಿದಿದ್ದಳು. ಯಾಕೆ ನೋಡಲಿಲ್ಲ ಎಂಬುದು ಅವಳಿಗೊಬ್ಬಳಿಗೇ ಗೊತ್ತು.

ಒಂದನೇ ತಾರೀಖಿನಿಂದ ಅವಳು ಸೂಪರ್‌ವೈಸರ್ ಆಗುವವಳಿದ್ದಳು. ಹತ್ತು ವರ್ಷದ ಬೆನ್ನುನೋವಿಗೆ ಸಿಗಲಿದ್ದ ಕುರ್ಚಿ. ಈಗ ಬಾಯಿ ಬಿಟ್ಟರೆ...

ಸಂಜೆ ರಾಮಾಂಜಿನೇಯ ತನ್ನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡ. ಹೊರಡುವ ಮುಂಚೆ ಬಗ್ಗಿ, ಮುದುಕಿ ಓಬಳಮ್ಮನ ಅಲುಗಾಡುವ ಸ್ಟೂಲಿನ ಕಾಲಡಿ ಒಂದು ಬಟ್ಟೆಚೂರು ಮಡಚಿಟ್ಟ. ಆಮೇಲೆ ಮಡಕಶಿರದಲ್ಲಿರುವ ತನ್ನ ಮನೆಗೆ ಹೊರಟುಹೋದ.

ಕೆಲಸ ಹೋದ ದಿನವೂ ಅವನಿಗೆ ಆ ಸ್ಟೂಲು ನೆನಪಿತ್ತು. ಅದನ್ನು ಕಂಡ ಅರ್ಚನಾಗೆ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಶನಿವಾರ. ಮಿಷನ್ನುಗಳು ಶುರುವಾಗುವ ಮೊದಲೇ ಅವಳು ಎಲ್ಲರೆದುರು ಎದ್ದು ನಿಂತಳು.

"ಸಾರ್, ಆ ಕಟ್ಟು ಬೆರೆಸಿದ್ದು ನಾನು. ಮಾಸ್ಟರ್‌ದು ಏನೂ ತಪ್ಪಿಲ್ರಿ."

"ನಿನ್ನೆ ಬಾಯಿ ಎಲ್ಲಿಟ್ಟಿದ್ದಿ?"

"ಅಂಜಿಕಿ ಆಗಿತ್ರಿ."

ಓಬುಲೇಶ್ ಎರಡು ಬಣ್ಣದ ಆ ಪ್ಯಾಂಟನ್ನು ಅವಳ ಮೇಜಿಗೆ ಎಸೆದ. "ಸೂಪರ್‌ವೈಸರ್ ಮಾತು ಮರ್ತುಬಿಡು."

"ಆಯ್ತ್ರಿ. ನಲವತ್ತೂ ಬಿಚ್ಚಿ, ಕಡುನೀಲಿಗೆ ಕಡುನೀಲಿ ಜೋಡಿಸಿ ಹೊಲೀತೀನಿ. ಮಾಸ್ಟರ್‌ನ ವಾಪಸ್ ಕರೀರಿ."

"ಕರೀತೀನಿ, ಹೋಗು."

ಆದರೆ ಓಬುಲೇಶ್ ಎಷ್ಟು ಸಲ ಫೋನ್ ಮಾಡಿದರೂ ರಾಮಾಂಜಿನೇಯ ಎತ್ತಲಿಲ್ಲ.

"ಫೋನಿಗೆ ಕಾಲಿಲ್ಲ, ನಿನಗದಾವಲ್ಲ?" ಎಂದಳು ಓಬಳಮ್ಮ, ಕನ್ನಡಕದ ಮೇಲಿಂದ ನೋಡುತ್ತ. "ಹೋಗಿ ಬಾರಬೇ."

ಭಾನುವಾರ ಎರಡು ಬಸ್ಸು ಬದಲಿಸಿ ಮಡಕಶಿರ ತಲುಪಿದಾಗ ಮಧ್ಯಾಹ್ನ. ಮನೆಯ ಹಿಂದೆ ರೇಷ್ಮೆಹುಳು ಸಾಕುವ ಕೊಠಡಿ. ಬಾಗಿಲಲ್ಲಿ ಅವನ ತಾಯಿ ನರಸಕ್ಕ.

"ಹುಳದ ಮನೆ, ತಾಯಿ. ಕಾಲು ತೊಳ್ಕಂಡು ಹೋಗು," ಎಂದು ತಾನೇ ಚೊಂಬಿನಿಂದ ನೀರು ಸುರಿದಳು. ಯಾರು, ಯಾಕೆ ಎಂದು ಕೇಳಲಿಲ್ಲ. "ರಾಯದುರ್ಗದಿಂದ ಬಂದ್ಯಾ? ಒಳಗವ್ನೆ."

ರಾಮಾಂಜಿನೇಯ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದ. ಅವಳನ್ನು ಕಂಡೂ ಕೈ ನಿಲ್ಲಿಸಲಿಲ್ಲ.

"ತಪ್ಪು ನಂದ್ರಿ," ಎಂದಳು.

"ಗೊತ್ತು. ಹೊಲಿಗೆ ಮುಗಿಸೋವಾಗ ಮೂರು ಸಲ ಮಿಷನ್ ಹಿಂದಕ್ಕೆ ಓಡ್ಸೋದು ನೀವೊಬ್ರೇ. ಆ ಪ್ಯಾಂಟಿನ ಮೇಲೂ ಅದೇ ಗುರುತಿತ್ತು."

"ಗೊತ್ತಿದ್ದೂ ಯಾಕ ಸುಮ್ನಿದ್ರಿ?"

"ನೀವೇ ಹೇಳ್ತೀರ ಅಂತ ಕಾದೆ. ಹೇಳ್ಲಿಲ್ಲ... ಬಸ್ಸಲ್ಲಿ ದಾರಿಯುದ್ದಕ್ಕೂ ಬೈಕಂಡು ಬಂದೆ. ನಾನೇನು ದೇವ್ರಲ್ಲ."

"ನಿನ್ನೆ ಹೇಳೀನ್ರಿ. ಎಲ್ಲರ ಮುಂದ. ನಿಮ್ಮ ಕೆಲ್ಸ ನಿಮಗದ."

ಈಗ ಅವನ ಕೈ ನಿಂತಿತು. "ನಿಮ್ಮ ಕುರ್ಚಿ?"

"ಹೋತು. ಆ ಪ್ಯಾಂಟು ಬಿಚ್ಚಿ ಹೊಲ್ಯಾಕತ್ತೀನಿ."

ಅವನು ಮತ್ತೊಂದು ಹಿಡಿ ಸೊಪ್ಪು ಎತ್ತಿಕೊಂಡ.

"ಎಷ್ಟು ಪ್ಯಾಂಟು ಬಿಚ್ಚಿದ್ರಿ?"

"ಹನ್ನೊಂದು."

"ಉಳಿದದ್ದು ಇರ್ಲಿ. ಹುಳ ಗೂಡು ಕಟ್ಟಿದ ಮೇಲೆ ಬತ್ತೀನಿ. ಒಂದು ಕಾಲು ನೀವು ಬಿಚ್ಚಿ, ಒಂದು ಕಾಲು ನಾನು." ಅವನು ಮೆಲ್ಲಗೆ ಕೇಳಿದ, "ನಂಬರ್ ನೋಡ್ದಂಗೆ ಹೊಲಿಯೋರಲ್ಲ ನೀವು. ಅವತ್ತೇನಾಯ್ತು?"

ಮಾಲೀಕನ ಮುಂದೆ ನಿಲ್ಲಲು ಬೇಕಾದ ಧೈರ್ಯ ಇದರ ಮುಂದೆ ಏನೂ ಅಲ್ಲ ಎನ್ನಿಸಿತು ಅವಳಿಗೆ.

"ಅವತ್ತು ನೀವು ಓಬಳಮ್ಮನ ಸೂಜಿಗೆ ದಾರ ಪೋಣಿಸಿ ಕೊಡಾಕತ್ತಿದ್ರಿ..."

"ಹೂಂ?"

"ನಂಬರ್ ನೋಡ್ಲಿಲ್ಲ. ನಿಮ್ಮನ್ನ ನೋಡಾಕತ್ತಿದ್ದೆ."

ಅವನ ಕೈಯ ಸೊಪ್ಪೆಲ್ಲ ಒಂದೇ ತಟ್ಟೆಗೆ ಬಿತ್ತು. ಕಿವಿಯವರೆಗೂ ಕೆಂಪಾಗಿದ್ದ.

"ಇನ್ಮೇಲೆ ಮೊದಲು ನಂಬರ್ ನೋಡಿ."

"ಮತ್ತ ನಿಮ್ಮನ್ನ?"

"ಆಮೇಲೆ ನೋಡಿ," ಎಂದ. "ಜೀವ್ನ ಪೂರ್ತಿ ಎದುರಿಗೇ ಇರ್ತೀನಲ್ಲ."